ಕತ್ತಿ ಮತ್ತು ಮದ್ದಿನ ಚೀಲ

ಕೋಟೆಯ ಬಾಗಿಲು ಕತ್ತಿಯನ್ನೂ ಮದ್ದಿನ ಚೀಲವನ್ನೂ ಹೊರಗೇ ತಡೆಯಿತು.

"ಇಪ್ಪತ್ತನೇ ಮಟ್ಟದವರಿಗೆ ಮಾತ್ರ ಪ್ರವೇಶ," ಎಂದಿತು.

ಅದು ಆನ್‌ಲೈನ್ ಆಟದ ಕೋಟೆ. ಆಡುವವಳು ಒಂದೇ ಪಾತ್ರದಲ್ಲಿ ಯೋಧನನ್ನೂ ವೈದ್ಯನನ್ನೂ ಬೆಸೆದಿದ್ದಳು. ಗೆದ್ದ ಮಟ್ಟಗಳನ್ನು ಯೋಧನ ಕತ್ತಿಗೆ ಹತ್ತು, ವೈದ್ಯನ ಚೀಲಕ್ಕೆ ಹತ್ತು ಎಂದು ಹಂಚಿದ್ದಳು.

"ಹತ್ತೂ ಹತ್ತೂ ಇಪ್ಪತ್ತಲ್ಲವೇ?" ಎಂದು ಕತ್ತಿ ಕೇಳಿತು.

"ಒಬ್ಬರಲ್ಲೇ ಇಪ್ಪತ್ತಿರಬೇಕು. ನಿಮ್ಮಲ್ಲೊಬ್ಬರು ಅಳಿದರೆ ಅವರ ಹತ್ತು ಇನ್ನೊಬ್ಬರಿಗೆ ಸೇರುತ್ತದೆ," ಎಂದಿತು ಬಾಗಿಲು.

ಅಷ್ಟರಲ್ಲಿ ಒಳಗಿನಿಂದ ಕತ್ತಿಯ ಹಳೆಯ ಗೆಳೆಯ, ಆಗಲೇ ಇಪ್ಪತ್ತು ಮುಟ್ಟಿದ್ದ ಇನ್ನೊಬ್ಬ ಆಟಗಾರನ ಗುರಾಣಿ, ಕೂಗಿತು: "ಏ ಮೊಂಡ, ಎಲ್ಲಿ ಸತ್ತೆಯೋ? ನೀನಿಲ್ಲದೆ ಕಾಳಗ ಸಪ್ಪೆ ಕಣೋ!"

ಆ ದನಿಗೆ ಕತ್ತಿ ಬಾಗಿಲತ್ತ ತಿರುಗಿತು. ಮೊದಲನೇ ಮಟ್ಟದಿಂದಲೂ ಅವೆರಡೂ ಜೊತೆಯಲ್ಲೇ ಹೊಡೆದಾಡಿದ್ದವು.

"ಹೋಗು ಮಾರಾಯ," ಎಂದಿತು ಚೀಲ. "ನಾನು ಅಳಿಯುತ್ತೇನೆ."

"ಸುಮ್ಮನಿರು," ಎಂದಿತು ಕತ್ತಿ. "ಒಳಗೆ ಹೋಗಿ ನಿನ್ನನ್ನು ನೆನೆಯುವ ಬದಲು ಇಲ್ಲೇ ಕೂತು ಅವನನ್ನು ನೆನೆಯುತ್ತೇನೆ. ಅವನಾದರೂ ಬದುಕಿದ್ದಾನೆ."

ಗುರಾಣಿ ಮೂರು ದಿನ ಕೂಗಿತು. ನಾಲ್ಕನೆಯ ದಿನ ಕೂಗಲಿಲ್ಲ.

ವರ್ಷಗಳ ಮೇಲೆ ಆಟವನ್ನೇ ಮುಚ್ಚಿದ ದಿನವೂ ಕತ್ತಿ, ಚೀಲ ಎರಡೂ ಬಾಗಿಲ ಹೊರಗೇ ಇದ್ದವು.