ವಾಸನೆ ಕದ್ದವನು

“ಬುದ್ಧಿ, ಮನೆಯ ಮಾತು ಬೀದಿಗೆ ಹೋಗದ ಹಾಗೆ ತಡೆಯುವುದು ಹೇಗೆ?” ಎಂದು ದಾಕ್ಷಾಯಿಣಿ ಮಠದ ಸ್ವಾಮಿಗಳನ್ನು ಕೇಳಿದಳು.

ಅವಳು ಆ ಮಠದ ಶಿಷ್ಯೆ. ಪ್ರತಿ ಸೋಮವಾರ ತಪ್ಪದೆ ಬಂದು ಪಾದ ಮುಟ್ಟಿ ಹೋಗುವವಳು. ಅಂದೂ ಸೋಮವಾರ. ಪ್ರಸಾದಕ್ಕೆ ಬಂದವರು ಜಗಲಿಯ ತುಂಬ ಕುಳಿತಿದ್ದರು.

“ಯಾವ ಮಾತು ಹೋಯಿತು, ತಾಯಿ?” ಎಂದರು ಸ್ವಾಮಿಗಳು.

“ಮಗಳನ್ನು ನೋಡಲು ಬಂದಿದ್ದವರು ಬೇಡ ಅಂದುಬಿಟ್ಟರು, ಹೋದ ಸೋಮವಾರ ಹೇಳಿದ್ದೆನಲ್ಲ ಬುದ್ಧಿ. ಹುಡುಗಿಗೆ ಸಿಟ್ಟು ಜಾಸ್ತಿಯಂತೆ. ಇದು ನಾಲ್ಕು ಗೋಡೆಯ ಒಳಗಿನ ಮಾತು. ಈಗ ನೋಡಿದರೆ ಹಿಟ್ಟಿನ ಗಿರಣಿಯವಳು ನನಗೇ ಸಮಾಧಾನ ಹೇಳುತ್ತಾಳೆ! ಇನ್ಯಾರ ಕೆಲಸ, ನನ್ನ ಓರಗಿತ್ತಿಯದೇ. ಮೈದುನನ ಹೆಂಡತಿ ಅಂತ ಇಷ್ಟು ದಿನ ಒಂದೇ ಒಲೆಯಲ್ಲಿ ಬೇಯಿಸಿ ಹಾಕಿದೆ. ನಾಳೆ ಗಂಡ ಹೆಂಡತಿ ಇಬ್ಬರನ್ನೂ ಮನೆಯಿಂದ ಬೇರೆ ಹಾಕುತ್ತೇನೆ. ತಮ್ಮ ಅಪ್ಪಣೆಯೊಂದು ಆಗಬೇಕು.”

ಸ್ವಾಮಿಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸೀರೆ ವ್ಯಾಪಾರಿಯಿದ್ದ. ಕಾರಿನ ತುಂಬ ಸೀರೆ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ. ಕಾರು ಅವನದೇ ಆದರೂ ಓಡಿಸಲು ಬರುತ್ತಿರಲಿಲ್ಲ. ಅದಕ್ಕೊಬ್ಬ ಡ್ರೈವರನ್ನು ಇಟ್ಟುಕೊಂಡಿದ್ದ. ಕಾರು ಬಂದ ದಿನದಿಂದ ಅವನೇ ಡ್ರೈವರು.

ಒಂದು ದಿನ ಸ್ಟಿಯರಿಂಗ್ ಹಿಂದೆ ಹಳದಿ ದೀಪವೊಂದು ಹತ್ತಿಕೊಂಡಿತು. ಕಾರು ಮಾತ್ರ ಎಂದಿನಂತೆ ಓಡುತ್ತಿತ್ತು. ಓಡುವ ಕಾರಿಗೆ ಎಂಥ ರೋಗ ಎಂದು ವ್ಯಾಪಾರಿ ಸುಮ್ಮನಾದ. ಆಮೇಲೆ ವಾಸನೆ ಶುರುವಾಯಿತು. ಬಿಸಿಲಿನಲ್ಲಿ ಕಾರು ನಿಂತರೆ ಹಿಂಭಾಗದಲ್ಲಿ ಪೆಟ್ರೋಲಿನ ವಾಸನೆ. ಅದು ಡಿಕ್ಕಿಯೊಳಗೆ ನುಗ್ಗಿತು, ಅಲ್ಲಿಂದ ಸೀರೆಯ ಮಡಿಕೆಯೊಳಗೆ ಇಳಿಯಿತು. ಒಂದು ಊರಿನಲ್ಲಿ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಹಿಡಿದು, “ಇದನ್ನು ಉಟ್ಟುಕೊಂಡು ನಾಮಕರಣಕ್ಕೆ ಹೋಗಲೋ, ಪೆಟ್ರೋಲ್ ಬಂಕಿಗೆ ಹೋಗಲೋ?” ಎಂದಳು. ಸುತ್ತ ನಿಂತವರು ನಕ್ಕರು. ಆ ಬೀದಿಯಲ್ಲಿ ಒಂದು ಸೀರೆಯೂ ಖರ್ಚಾಗಲಿಲ್ಲ.

ವ್ಯಾಪಾರಿಗೆ ಹೊಳೆದದ್ದು ಒಂದೇ. ಡ್ರೈವರ್ ಪೆಟ್ರೋಲ್ ಕದಿಯುತ್ತಿದ್ದಾನೆ. ತಾನು ಸೀರೆ ಬಿಚ್ಚಿ ತೋರಿಸುವಾಗ ಅವನು ಒಬ್ಬನೇ ಕಾರಿನ ಬಳಿ ಇರುತ್ತಾನೆ. ಎಲ್ಲೋ ಕೊಳವೆ ತೂತು ಮಾಡಿರಬೇಕು. ಅಂದಿನಿಂದ ವ್ಯಾಪಾರಿಯ ಕಣ್ಣು ಗಿರಾಕಿಯ ಮೇಲೆ ನಿಲ್ಲಲಿಲ್ಲ. ಸೀರೆಯ ಅಂಚು ತೋರಿಸುತ್ತಲೇ ಕತ್ತು ಹೊರಳಿಸಿ ಕಾರಿನ ಕಡೆ ನೋಡುತ್ತಿದ್ದ.

ಒಂದು ಗ್ಯಾರೇಜಿಗೆ ಹೋದರು. ಅಲ್ಲಿಯವರು ಕಾರಿಗೆ ಯಂತ್ರ ಸಿಕ್ಕಿಸಿ ನೋಡಿ, ಪೆಟ್ರೋಲಿನ ಆವಿ ಎಲ್ಲೋ ಚೂರು ಸೋರುತ್ತಿದೆ ಎಂದರು. ಟ್ಯಾಂಕಿನ ಮುಚ್ಚಳ ಬದಲಾಯಿಸಿ ದೀಪ ಆರಿಸಿ ಕಳಿಸಿದರು. ಕೆಲವು ದಿನ ಕಳೆಯಿತು, ದೀಪ ಮತ್ತೆ ಹತ್ತಿತು. ಇನ್ನೊಂದು ಗ್ಯಾರೇಜಿನವರು ಇನ್ನೊಂದು ಮುಚ್ಚಳ ಹಾಕಿದರು, ಆವಿಯ ಕೊಳವೆಯನ್ನೂ ಬದಲಾಯಿಸಿದರು. ದೀಪ ಮತ್ತೆ ಹತ್ತಿತು.

“ಮುಚ್ಚಳ ಹೊಸದು, ಕೊಳವೆ ಹೊಸದು. ಇದರಲ್ಲಿ ಹಳಬ ಅಂದರೆ ನೀನೊಬ್ಬನೇ” ಎಂದ ವ್ಯಾಪಾರಿ.

ಕಳ್ಳ ಎಂಬ ಹೆಸರು ಹೊತ್ತು ಇಳಿದವನಿಗೆ ಆ ಊರಿನಲ್ಲಿ ಇನ್ಯಾರೂ ಕಾರಿನ ಕೀ ಕೊಡುವುದಿಲ್ಲ ಎಂದು ಡ್ರೈವರಿಗೆ ಗೊತ್ತಿತ್ತು. ವ್ಯಾಪಾರಿಗೂ ಗೊತ್ತಿತ್ತು. ಆದರೂ ಅವನನ್ನು ಕೆಲಸದಿಂದ ಬಿಡಿಸಲೇಬೇಕೆಂದು ತೀರ್ಮಾನಿಸಿದ್ದ. ಬಿಡಿಸುವ ಮೊದಲು ಎದುರಿಗೇ ಹಿಡಿದು ತೋರಿಸಬೇಕು ಎಂಬುದೊಂದು ಹಟ ಉಳಿದಿತ್ತು. ಮಾರನೆಯ ಬೆಳಿಗ್ಗೆ ಅವನನ್ನೇ ಕಾರು ಓಡಿಸಲು ಕೂರಿಸಿ ಪಟ್ಟಣದ ದೊಡ್ಡ ಗ್ಯಾರೇಜಿಗೆ ಕರೆದುಕೊಂಡು ಹೋದ.

ಅಲ್ಲಿಯ ಮೆಕ್ಯಾನಿಕ್ ಬಾಯಿಗೆ ಬಿಡುವು ಕೊಡದ ಮನುಷ್ಯ. ವ್ಯಾಪಾರಿಯ ದೂರನ್ನೆಲ್ಲ ಕೇಳಿ, “ಪೆಟ್ರೋಲ್ ಕದಿಯುವವನು ಕ್ಯಾನು ತರುತ್ತಾನೆ ಯಜಮಾನರೇ. ವಾಸನೆ ಕದ್ದು ಏನು ಮಾಡುತ್ತಾನೆ, ಅನ್ನಕ್ಕೆ ಕಲಸಿಕೊಳ್ಳುತ್ತಾನಾ?” ಎಂದ.

ಆಮೇಲೆ ತಿಳಿಸಿ ಹೇಳಿದ. ಟ್ಯಾಂಕಿನಲ್ಲಿರುವ ಪೆಟ್ರೋಲ್ ಕಾವಿಗೆ ಆವಿಯಾಗುತ್ತದೆ. ಆ ಆವಿ ಹೊರಗೆ ಹೋಗಬಾರದು. ಒಂದು ಕೊಳವೆ ಅದನ್ನು ಇದ್ದಿಲು ತುಂಬಿದ ಡಬ್ಬಿಗೆ ಒಯ್ಯುತ್ತದೆ. ಇದ್ದಿಲು ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಕಾರು ಓಡುವಾಗ ಎಂಜಿನ್ ಅದನ್ನು ಎಳೆದುಕೊಂಡು ಸುಡುತ್ತದೆ. ಈ ದಾರಿಯಲ್ಲಿ ಸೂಜಿಮೊನೆಯಷ್ಟು ಸಂದು ಬಿದ್ದರೂ ದೀಪ ಹತ್ತುತ್ತದೆ. ಅಷ್ಟು ಸಣ್ಣ ಸಂದು ಕಣ್ಣಿಗೆ ಕಾಣುವುದಿಲ್ಲ. ಹೊಗೆ ಬಿಟ್ಟೇ ಹುಡುಕಬೇಕು.

ಎಂಜಿನ್ ತಣ್ಣಗಾಗುವವರೆಗೆ ಕಾಯಿಸಿದ. ಆವಿಯ ದಾರಿಯ ಎರಡು ತುದಿಯನ್ನೂ ಮುಚ್ಚಿದ. ಒಂದು ಯಂತ್ರದಿಂದ ಬಿಳಿ ಹೊಗೆಯನ್ನು ನಿಧಾನವಾಗಿ ಒಳಗೆ ಬಿಡತೊಡಗಿದ.

ವ್ಯಾಪಾರಿಗೆ ತಾಳ್ಮೆಯಿರಲಿಲ್ಲ. “ಸ್ವಲ್ಪ ಜೋರಾಗಿ ಊದಪ್ಪ, ಬೇಗ ಗೊತ್ತಾಗಲಿ” ಎಂದ.

“ಜೋರಾಗಿ ಊದಿದರೆ ಇಲ್ಲದ ಕಡೆಯೂ ತೂತು ಬೀಳುತ್ತದೆ. ಅದನ್ನು ತಂದು ಇವನ ತಲೆಗೆ ಕಟ್ಟುತ್ತೀರಿ. ಸುಮ್ಮನೆ ನೋಡಿ.”

ಕಾರನ್ನು ಮೇಲೆತ್ತಿದರು. ವ್ಯಾಪಾರಿ ಅದರ ಹೊಟ್ಟೆಯ ಕೆಳಗೆ ನಿಂತು ಕತ್ತು ನೋಯುವಷ್ಟು ಹೊತ್ತು ನೋಡಿದ. ಕೊಳವೆಯ ಗಂಟುಗಳಲ್ಲಿ ಹೊಗೆಯಿಲ್ಲ. ಇದ್ದಿಲ ಡಬ್ಬಿಯ ಬಳಿ ಹೊಗೆಯಿಲ್ಲ. ಡ್ರೈವರ್ ತೂತು ಮಾಡಿರಬಹುದೆಂದು ತಾನು ಲೆಕ್ಕ ಹಾಕಿದ್ದ ಯಾವ ಜಾಗದಲ್ಲೂ ಹೊಗೆಯಿಲ್ಲ. ಮೆಕ್ಯಾನಿಕ್ ಕಾರನ್ನು ಕೆಳಗಿಳಿಸಿ ಪಕ್ಕದಿಂದ ಟಾರ್ಚು ಬಿಟ್ಟ. ಪೆಟ್ರೋಲ್ ಹಾಕುವ ಬಾಯಿಯ ಹತ್ತಿರ, ಮುಚ್ಚಳದ ಒಂದು ಮಗ್ಗುಲಿನಿಂದ, ದಾರದ ಎಳೆಯಷ್ಟು ಹೊಗೆ ಮೇಲೇಳುತ್ತಿತ್ತು.

“ನೋಡಿದೆಯಾ! ಬಂಕಿನಲ್ಲಿ ಮುಚ್ಚಳ ತಿರುಗಿಸುವವನು ಇವನೇ!” ಎಂದು ವ್ಯಾಪಾರಿ ಕೂಗಿದ.

ಮೆಕ್ಯಾನಿಕ್ ಹೊಗೆ ನಿಲ್ಲಿಸಿ ಮುಚ್ಚಳ ಬಿಚ್ಚಿದ. ಮುಚ್ಚಳಕ್ಕೆ ಏನೂ ಆಗಿರಲಿಲ್ಲ. ಅದು ಕೂರುವ ಅಂಚಿನ ಮೇಲೆ ಕೆಂಪಗೆ, ಹಳದಿಯಾಗಿ ಏನೋ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಮೂಸಿ ನೋಡಿದ. ಅರಿಸಿನ ಕುಂಕುಮ. ಅದರ ಮೇಲೆ ಎಂಥ ಹೊಸ ಮುಚ್ಚಳ ತಂದು ಕೂರಿಸಿದರೂ ಅದರ ರಬ್ಬರು ಅಂಚಿಗೆ ಅಂಟದು.

“ಇಲ್ಲಿ ಪೂಜೆ ಮಾಡುವ ಪುಣ್ಯಾತ್ಮರು ಯಾರು?” ಎಂದ.

ಶುಕ್ರವಾರ ಶುಕ್ರವಾರ ಹೊರಡುವ ಮುನ್ನ ಕಾರಿಗೆ ಪೂಜೆ ಮಾಡುವವನು ವ್ಯಾಪಾರಿಯೇ. ಚಕ್ರಕ್ಕೆ ಇಟ್ಟಾದ ಮೇಲೆ, ಕಾರಿನ ಹೊಟ್ಟೆ ಸದಾ ತುಂಬಿರಲಿ ಎಂದು, ತನ್ನ ಕೈಯಾರೆ ಪೆಟ್ರೋಲಿನ ಬಾಯಿ ತೆರೆದು ಒಳಗಿನ ಅಂಚಿಗೆ ಅರಿಸಿನ ಕಲಸಿ ಹಚ್ಚಿ ಕುಂಕುಮ ಇಡುತ್ತಿದ್ದ. ಅಂದೂ ಶುಕ್ರವಾರ. ಉಂಗುರದ ಬೆರಳಿನ ತುದಿ ಇನ್ನೂ ಕೆಂಪಗಿತ್ತು.

“ಒಂದು ಸಲ ಒರೆಸಲು ಹೋದೆ. ದೇವರ ಕುಂಕುಮ ಮುಟ್ಟಬೇಡ, ನಿನ್ನ ಕೆಲಸ ನೋಡು ಅಂದಿರಿ” ಎಂದ ಡ್ರೈವರ್.

“ಅಲ್ಲಿ ಊದುಬತ್ತಿ ಬೆಳಗಲಿಲ್ಲವಲ್ಲ, ನಿಮ್ಮ ಅದೃಷ್ಟ ದೊಡ್ಡದು” ಎಂದು ಮೆಕ್ಯಾನಿಕ್ ಒಂದು ಬಟ್ಟೆ ತೆಗೆದುಕೊಂಡು ಅಂಚನ್ನು ಒರೆಸಿದ. ಮುಚ್ಚಳ ಹಾಕಿ ಮತ್ತೆ ಹೊಗೆ ಬಿಟ್ಟ. ಎಳೆ ಏಳಲಿಲ್ಲ.

ವ್ಯಾಪಾರಿ ಬೆರಳನ್ನು ಪಂಚೆಗೆ ಒರೆಸಿಕೊಂಡ. ಕಾರಿನ ಕೀಯನ್ನು ಡ್ರೈವರನ ಕೈಗೆ ಕೊಟ್ಟು ಪಕ್ಕದಲ್ಲಿ ಹೋಗಿ ಕೂತ. ಊರು ಮುಟ್ಟುವವರೆಗೆ ಅವನ ಕತ್ತು ಎಡಕ್ಕೂ ಹೊರಳಲಿಲ್ಲ, ಬಲಕ್ಕೂ ಹೊರಳಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು.

ದಾಕ್ಷಾಯಿಣಿ ಸೆರಗು ಸರಿಮಾಡಿಕೊಂಡು, “ಚೆನ್ನಾಗಿ ಹೇಳಿದಿರಿ ಬುದ್ಧಿ. ಆದರೆ ನಾನು ಆ ವ್ಯಾಪಾರಿಯ ಹಾಗಲ್ಲ. ಯಾರ ಬಾಗಿಲಲ್ಲೂ ನಿಂತು ಮಾತಾಡುವವಳಲ್ಲ. ಸೋಮವಾರ ತಮ್ಮ ಪಾದದ ಹತ್ತಿರ ಹೊಟ್ಟೆಯಲ್ಲಿರುವುದನ್ನು ಹೇಳಿಕೊಳ್ಳುತ್ತೇನೆ, ಅದು ಬಿಟ್ಟರೆ ಅಡುಗೆಮನೆ. ಹೊರಗೆ ಬಿಟ್ಟವಳು ಅವಳೇ, ಅನುಮಾನವೇ ಇಲ್ಲ” ಎಂದಳು.

ಅವಳ ಬೆನ್ನ ಹಿಂದೆ ಕೂತಿದ್ದ ಒಬ್ಬಳು ಪಕ್ಕದವಳ ಕಿವಿಗೆ ಬಾಗಿ, “ಬೇಡ ಅಂದ ಗಂಡು ಯಾವ ಊರಿನವನಂತೆ?” ಎಂದು ಕೇಳಿದಳು. ಪಿಸುಮಾತಾದರೂ ಎಲ್ಲರಿಗೂ ಕೇಳಿಸಿತು.

ಸ್ವಾಮಿಗಳು ಜಗಲಿಯ ಕಡೆ ಕೈ ಚಾಚಿ, “ನಿನ್ನ ಓರಗಿತ್ತಿ ಇವರಲ್ಲಿ ಎಲ್ಲಿ ಕೂತಿದ್ದಾಳೆ, ತೋರಿಸು ತಾಯಿ” ಎಂದರು.

ದಾಕ್ಷಾಯಿಣಿ ತಿರುಗಿ ನೋಡಿದಳು; ಜಗಲಿಯಲ್ಲಿ ಊರೆಲ್ಲ ಕೂತಿತ್ತು, ಓರಗಿತ್ತಿ ಮಾತ್ರ ಇರಲಿಲ್ಲ.