ರಾಣಿಯ ಬಟ್ಟೆ ಪಟ್ಟಿ

“ಕೇಳಿರಪ್ಪೋ ಕೇಳಿ! ಅರಮನೆಯ ಕಂಪ್ಯೂಟರಿನಲ್ಲಿ ಮೂರು ಫೈಲುಗಳಿವೆ. ತೆರೆಯದೆಯೇ ಒಳಗೇನಿದೆ ಎಂದು ಹೇಳಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಬರುವ ಅಮಾವಾಸ್ಯೆಗೆ ತಲೆದಂಡ!”

ಜೋಳದಕೋಟೆಯಲ್ಲಿ ಹೀಗೆ ಡಂಗುರ ಬಿದ್ದು ತಿಂಗಳಾಗುತ್ತ ಬಂದಿತ್ತು. ರಾಣಿ ತೀರಿಕೊಂಡ ಮೇಲೆ ಅರಮನೆಯ ಮುದಿ ಕರಣಿಕನಿಗೆ ಮರುಳು ಹಿಡಿಯಿತು. ಫೈಲುಗಳ ಹೆಸರಿನ ಕೊನೆಗೆ ಅಂಟಿಕೊಂಡು ಅವುಗಳ ಜಾತಿ ಹೇಳುವ ಬಾಲಗಳನ್ನೆಲ್ಲ ಅದಲುಬದಲು ಮಾಡಿ ಅವನೂ ಕಣ್ಣು ಮುಚ್ಚಿದ. ಚಿತ್ರ ಯಾವುದು, ಬರಹ ಯಾವುದು, ಕೇಳಬೇಡಿ. ಮೂರರಲ್ಲಿ ಎರಡರ ಉತ್ತರ ರಾಜಕುಮಾರಿ ಸುಮಾಲಿನಿಗೆ ಗೊತ್ತಿತ್ತು. ಮೂರನೆಯದು ರಾಣಿ ತನ್ನ ಕೊನೆಯ ವಾರದಲ್ಲಿ ಇಟ್ಟ ಫೈಲು. ಅದು ಮಾತ್ರ ಅವಳಿಗೂ ಒಗಟು.

ದವಸದ ಮಂಡಿಯ ಹಮಾಲ ದುಗ್ಗಪ್ಪನಿಗೆ ರಾಜಕುಮಾರಿಯೂ ಬೇಡ, ರಾಜ್ಯವೂ ಬೇಡ. ಅವನ ಅಣ್ಣ ಕೆಂಚಪ್ಪ ಮೂರನೆಯ ಒಗಟಿನಲ್ಲಿ ಸೋತು ಸೆರೆಯಲ್ಲಿದ್ದ. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು.

ದುಗ್ಗಪ್ಪನಿಗಿಂತ ಮುಂದೆ ಸಾಲಿನಲ್ಲಿದ್ದವನು ಜರಿಪೇಟದ ಮಾಂಡಲಿಕ ಕುಮಾರ. ಮೊದಲ ಫೈಲು ನೋಡಿ “ಬಾಲದಲ್ಲೇ ಚಿತ್ರ ಅಂತಿದೆಯಲ್ಲ, ಚಿತ್ರವೇ!” ಎಂದ. ಸೆರೆಗೆ ಹೋದ. ಅವನ ಹಿಂದಿದ್ದ ಜ್ಯೋತಿಷಿ ಫೈಲು ಹುಟ್ಟಿದ ಗಳಿಗೆ ಕೇಳಿ, ಬೆರಳು ಮಡಚಿ, “ಗುರುಬಲವಿದೆ, ಚಿತ್ರವೇ” ಎಂದ. ಗುರು ಕೈಕೊಟ್ಟ.

ದುಗ್ಗಪ್ಪ ಹೆಗಲ ಟವೆಲಿನಿಂದ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತ.

“ಮೊದಲನೆಯದು ತಾನು ಚಿತ್ರ ಅನ್ನುತ್ತದೆ, ಆದರೆ ಯಾವ ಚೌಕಟ್ಟಿಗೂ ಒಗ್ಗುವುದಿಲ್ಲ. ಯಾರಿದು?” ಸುಮಾಲಿನಿ ಕೇಳಿದಳು.

ಅವನು ಕಪ್ಪು ಪರದೆ ತೆರೆದು ‘ಫೈಲ್’ ಎಂಬ ಪುಟ್ಟ ಅಪ್ಪಣೆಯನ್ನು ಬರೆದು, ಪಕ್ಕದಲ್ಲಿ ಫೈಲಿನ ಹೆಸರು ಕೊಟ್ಟ. ಒಂದೇ ಸಾಲಿನ ಉತ್ತರ ಬಂತು. “ಇದು ಪಿಡಿಎಫ್, ತಾಯಿ. ಪುಟ ಕಟ್ಟಿದ ಪುಸ್ತಕ.”

“ಸರಿ. ಎರಡನೆಯದು ತಾನು ಒಂದೇ ಒಂದು ಕಾಗದ ಅನ್ನುತ್ತದೆ. ಹೊತ್ತರೆ ಹದಿನೇಳು ಕಾಗದದ ಭಾರ. ಹೇಗೆ?”

“ಇದು ಜಿಪ್, ತಾಯಿ. ಹದಿನೇಳನ್ನೂ ಒತ್ತಿ ಕಟ್ಟಿದ ಗಂಟು.”

ರಾಜಕುಮಾರಿಯ ದನಿ ಇಳಿಯಿತು. “ಮೂರನೆಯದರ ಹೆಸರು ‘ಒಗೆಯುವ ಬಟ್ಟೆ ಪಟ್ಟಿ’. ಬಾಲ ಬರಹದ್ದು. ಓದಹೋದರೆ ಅಕ್ಷರವಿಲ್ಲ, ಕಪ್ಪಿರುವೆಗಳ ಸಾಲು. ನೋಡಹೋದರೆ ರೂಪವಿಲ್ಲ. ನಿಮ್ಮಣ್ಣ ಬರಹ ಎಂದು ಸೋತ. ನೀನೇನನ್ನುತ್ತೀಯಪ್ಪಾ?”

ದುಗ್ಗಪ್ಪ ಮತ್ತೆ ಅದೇ ಅಪ್ಪಣೆ ಬರೆದು, ಬಂದ ಉತ್ತರವನ್ನು ಎರಡು ಸಲ ಓದಿದ. “ಇದು ಧ್ವನಿ, ತಾಯಿ.”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಬಟ್ಟೆ ಪಟ್ಟಿಗೆ ಎಲ್ಲಿಯ ಧ್ವನಿ?

ರಾಜ ವೀರಮಲ್ಲ ಕೈಯೆತ್ತಿ ಸುಮ್ಮನಾಗಿಸಿದ. “ಯಾವ ಧೈರ್ಯದ ಮೇಲೆ ಹೇಳುತ್ತೀಯಯ್ಯಾ?”

“ಬುದ್ಧೀ, ಹೆಸರು ಕ್ಷೀರಸಾಗರ ಅಂತಿದ್ರೂ ಮನೇಲಿ ಮಜ್ಜಿಗೆಗೆ ಗತಿ ಇರಲ್ಲ. ಮಂಡೀಲಿ ಚೀಲದ ಮೇಲೆ ರಾಗಿ ಅಂತ ಬರ್ದಿರ್ತಾರೆ. ನಾವು ನಂಬಲ್ಲ. ತೂತಿನ ಕೊಳವೇನ ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ಈಚೆ ತೆಗೀತೀವಿ. ಚೀಲ ಬಿಚ್ಚೋದೇ ಬೇಡ. ಈ ಅಪ್ಪಣೇನೂ ಅಂಥ ಕೊಳವೇನೆ, ನಮ್ಮ ಗುಮಾಸ್ತರು ಹೇಳ್ಕೊಟ್ಟಿದ್ದು. ಬಾಲ ನೋಡಲ್ಲ, ಒಳಗಿನ ಮೊದಲ ಹಿಡೀನ ನೋಡುತ್ತೆ. ಪುಸ್ತಕದ ತಲೇಲೇ ಪಿಡಿಎಫ್ ಅಂತ ಗುರುತಿತ್ತು. ಗಂಟಿನ ತಲೇಲಿ ಪಿ, ಕೆ ಅನ್ನೋ ಎರಡಕ್ಷರ. ಇದರ ತಲೇಲಿ ಧ್ವನಿಯ ಗುರುತಿದೆ. ನಮ್ಮಣ್ಣ ಮೊದಲೆರಡನ್ನ ಹೇಗೋ ಊಹಿಸ್ದ, ಮೂರನೇದನ್ನ ಚೀಲದ ಮೇಲಿಂದ ಓದ್ಬಿಟ್ಟ. ಅದಕ್ಕೇ ಸೋತ.”

“ಹಾಗಾದರೆ ನುಡಿಸು,” ಎಂದಳು ಸುಮಾಲಿನಿ. ಅವಳ ಮುಖ ಬಿಳಿಚಿತ್ತು.

ಮೊದಲು ಗರಗರ ಸದ್ದು. ಆಮೇಲೆ ಹೆಣ್ಣುದನಿ, ಬಟ್ಟೆ ಎಣಿಸುತ್ತ: “ಸೀರೆ ಹನ್ನೊಂದು... ರವಿಕೆ ಒಂಬತ್ತು... ಹೊದಿಕೆ ನಾಲ್ಕು... ಏ ಪುಟ್ಟೀ! ಮಡಿಸಿಟ್ಟ ಸೀರೆ ಮೇಲೆ ಕೂತಿದ್ದೀಯಲ್ಲೇ, ಏಳೇ ಮೇಲೆ!”

ಸಿಂಹಾಸನದ ಪಕ್ಕದ ಪೀಠದಲ್ಲಿದ್ದ ಸುಮಾಲಿನಿ ದಡಕ್ಕನೆ ಎದ್ದು ನಿಂತಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ರಾಜ ಪೇಟದ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಕರಣಿಕ ಬಾಲವನ್ನಷ್ಟೇ ಬದಲಿಸಿದ್ದ, ಹೆಸರು ರಾಣಿಯೇ ಇಟ್ಟದ್ದು.

“ಏನು ಬೇಕು ಕೇಳಪ್ಪಾ,” ಎಂದ ರಾಜ, ಕಣ್ಣೊರೆಸಿಕೊಳ್ಳುತ್ತ.

“ನಮ್ಮಣ್ಣನ ತಲೆ, ಬುದ್ಧೀ. ಅವನ ಕತ್ತಿನ ಮೇಲೇ ಇರ್ಲಿ.”

“ಅವನೊಬ್ಬನದೇ ಏಕೆ? ಎಲ್ಲರನ್ನೂ ಬಿಡಿಸಿ,” ಎಂದಳು ಸುಮಾಲಿನಿ.

ಸೆರೆಯ ಬಾಗಿಲು ತೆರೆಯಿತು. ಕೆಂಚಪ್ಪ ಕಣ್ಣುಜ್ಜಿಕೊಳ್ಳುತ್ತ ಬಂದು ತಮ್ಮನನ್ನು ತಬ್ಬಿಕೊಂಡ. ಹಿಂದೆಯೇ ಜರಿಪೇಟ, ಜ್ಯೋತಿಷಿ, ಉಳಿದವರೆಲ್ಲ ಬಂದರು. ಕೊನೆಯವನು ಹೊರಬೀಳುವ ತನಕ ರಾಜಕುಮಾರಿ ನಿಂತೇ ಇದ್ದಳು. ಅಮ್ಮ ಏಳು ಅಂದಿದ್ದಳು, ಕೂರು ಅಂದಿರಲಿಲ್ಲ.