ಸೊಂಟದ ಹಗ್ಗ

ಶಿಷ್ಯ ಮರುಳಪ್ಪ ಕೇಳಿದ: "ಬುದ್ಧಿ, ಹವ್ಯಾಸಿ ರೇಡಿಯೊ ಪರವಾನಗಿ ಬೇಕೆನ್ನುವವರಿಗೆ ಮೋರ್ಸ್ ಪರೀಕ್ಷೆ ಇರಬೇಕೋ, ಬೇಡವೋ?"

ಮರುಳಪ್ಪ ರೇಡಿಯೊ ಕಲಿಸುವವನು. ಗಿಡ್ಡ ಸದ್ದು, ಉದ್ದ ಸದ್ದುಗಳಲ್ಲೇ ಅಕ್ಷರ ಕೂಡಿಸಿ ದೂರದವರಿಗೆ ಸುದ್ದಿ ಮುಟ್ಟಿಸುವ ಆ ಮೋರ್ಸ್ ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತಿತ್ತು. ಹೊಸಬರು ಅದಕ್ಕೆ ಹೆದರಿ ಹಿಂದೆ ಸರಿಯುತ್ತಿದ್ದರು. ಬಾಯಿಮಾತೇ ಸಮುದ್ರ ದಾಟುವ ಕಾಲದಲ್ಲಿ ಅವರನ್ನು ಯಾಕೆ ನೋಯಿಸಬೇಕು ಎಂಬುದು ಅವನ ಯೋಚನೆ. ರೇಡಿಯೊ ಸಂಘದವರು ಅವನ ಅಭಿಪ್ರಾಯ ಕೇಳಿದ್ದರು. ಬೇಡವೆಂದು ಹೇಳಲು ಮನಸ್ಸು ಮಾಡಿಕೊಂಡೇ ಬಂದಿದ್ದ. "ಅಗತ್ಯ ಬಿದ್ದರೆ ನನಗೆ ಬರುತ್ತದಲ್ಲ, ಬುದ್ಧಿ" ಎಂದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಬಾವಿ ತೋಡುವವನಿದ್ದ. ಅವನೇ ಯಜಮಾನನಾಗಿದ್ದ ಒಂದು ಗುಂಪಿತ್ತು. ಕೆಳಗಿಳಿದವನ ಸೊಂಟಕ್ಕೆ ಹಗ್ಗ ಕಟ್ಟಿರುತ್ತಿತ್ತು, ಅದರ ತುದಿ ದಡದಲ್ಲಿ ಕೂತವನ ಕೈಯಲ್ಲಿ. ಆಳಕ್ಕೆ ಹೋದಂತೆ ಬಾವಿ ಮಾತನ್ನು ನುಂಗುತ್ತದೆ. ಅದಕ್ಕೆ ಅವರು ಹಗ್ಗದಲ್ಲೇ ಮಾತಾಡುತ್ತಿದ್ದರು. ಗಿಡ್ಡ ಎಳೆತ ಒಂದಾದರೆ ಹಗ್ಗ ಸಡಿಲಿಸು, ಉದ್ದ ಎಳೆತ ಎರಡಾದರೆ ನನ್ನನ್ನು ಮೇಲೆತ್ತು. ಹೀಗೆ ಇನ್ನೂ ಕೆಲವು. ಗುಂಪಿಗೆ ಸೇರುವವನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಹಗ್ಗ ಕೊಟ್ಟು, ಯಜಮಾನ ಆಚೆಯಿಂದ ಎಳೆಯುತ್ತಿದ್ದ. ಹಗ್ಗ ಏನು ಹೇಳಿತು ಎಂದು ಸರಿಯಾಗಿ ಹೇಳುವವರೆಗೆ ಅವನು ಬಾವಿಯ ದಡಕ್ಕೆ ಬರುವಂತಿರಲಿಲ್ಲ.

ಯಜಮಾನನ ಮಗಳ ಗಂಡ ಕೆಲಸಕ್ಕೆ ಸೇರಲು ಬಂದ. ತೋಳಲ್ಲಿ ಬಲವಿತ್ತು, ಮನಸ್ಸೂ ಒಳ್ಳೆಯದು. ಹಗ್ಗದ ಮಾತು ಮಾತ್ರ ತಲೆಗೆ ಹತ್ತಲಿಲ್ಲ. ಮತ್ತೆ ಮತ್ತೆ ತಪ್ಪಿದ. ಮೂಗುದಾರ ಎಳೆದರೆ ಎತ್ತಿಗೂ ತಿಳಿಯುತ್ತದಲ್ಲ ಮಾರಾಯ ಎಂದು ಉಳಿದವರು ನಕ್ಕರು. ಅವನು ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತಲೆ ತಗ್ಗಿಸಿ ಕೂತ.

"ಮಾವ, ದೇವರು ಬಾಯಿ ಕೊಟ್ಟಿದ್ದಾನೆ. ನೀವು ಕೂಗಿ, ನಾನು ಕೇಳಿಸಿಕೊಳ್ಳುತ್ತೇನೆ" ಎಂದ.

ಯಜಮಾನನಿಗೆ ಮಗಳ ಮುಖ ನೆನಪಾಯಿತು. "ಇರಲಿ ಬಿಡಪ್ಪ. ನನಗೆ ಬರುತ್ತದಲ್ಲ, ಸಾಕು" ಎಂದ. ಹಗ್ಗ ಜಗ್ಗಿದಾಗ ಸ್ವಲ್ಪ ಸಡಿಲ ಬಿಟ್ಟರಾಯಿತು ಎಂದು ಅಷ್ಟನ್ನು ಮಾತ್ರ ಹೇಳಿಕೊಟ್ಟ. ಅಂದಿನಿಂದ ಪರೀಕ್ಷೆ ನಿಂತಿತು. ಯಜಮಾನನನ್ನು ಎಲ್ಲರೂ ಕರುಣಾಳು ಎಂದರು.

ಕೆಲಸ ಸುಸೂತ್ರವಾಗಿಯೇ ನಡೆಯಿತು. ಒಂದು ದಿನ ಉಳಿದವರು ಊಟಕ್ಕೆ ಹೋಗಿದ್ದರು. ಯಜಮಾನ ನೆಲ ಮುಟ್ಟಿ ನಮಸ್ಕರಿಸಿ ಬಾವಿಗಿಳಿದ. ಅಳಿಯ ದಡದಲ್ಲಿ ಹಗ್ಗ ಹಿಡಿದು ಕೂತ.

ತಳದಲ್ಲಿ ಕೆಟ್ಟ ಗಾಳಿ ತುಂಬಿತ್ತು. ಯಜಮಾನನಿಗೆ ಉಸಿರು ಕಟ್ಟಿತು. ಕೂಗಲು ಬಾಯಿ ತೆರೆದ, ದನಿ ಹೊರಡಲಿಲ್ಲ. ಕೈ ಇನ್ನೂ ಆಡುತ್ತಿತ್ತು. ಹಗ್ಗವನ್ನು ಉದ್ದಕ್ಕೆ ಎಳೆದ. ಮತ್ತೊಮ್ಮೆ ಎಳೆದ.

ಅಳಿಯ ಹಗ್ಗ ಸಡಿಲ ಬಿಟ್ಟ.

ಕೆಳಗಿನವನು ಮತ್ತೆ ಎಳೆದ. ಮೇಲಿನವನು ಮತ್ತೆ ಬಿಟ್ಟ. ಸಾಕೇ ಮಾವ ಎಂದು ಬಗ್ಗಿ ಕೇಳಿದ. ಉತ್ತರ ಬರಲಿಲ್ಲ. ಕೆಲಸದ ಭರದಲ್ಲಿದ್ದಾರೆ ಎಂದುಕೊಂಡ. ಎಳೆದಾಗಲೆಲ್ಲ ಮೊದಲಿಗಿಂತ ಧಾರಾಳವಾಗಿ ಬಿಟ್ಟ.

ಊಟ ಮುಗಿಸಿ ಬಂದವರು ಯಜಮಾನ ಎಲ್ಲಿ ಎಂದು ವಿಚಾರಿಸಿದರು. ಮಾವ ಇವತ್ತು ಬಿಡುವಿಲ್ಲದೆ ದುಡಿಯುತ್ತಿದ್ದಾರೆ, ಕೇಳಿದಷ್ಟೂ ಹಗ್ಗ ಕೊಟ್ಟಿದ್ದೇನೆ ಎಂದು ಅವನು ಸಂತೋಷದಿಂದಲೇ ಹೇಳಿದ. ಅವರಲ್ಲಿ ಹಿರಿಯನೊಬ್ಬ ಹಗ್ಗದ ಮೇಲೆ ಕೈಯಿಟ್ಟು ನೋಡಿದ. ಅದು ಅಲ್ಲಾಡಲಿಲ್ಲ.

ಎಲ್ಲರೂ ಸೇರಿ ಮೇಲೆಳೆದರು. ಬಿಟ್ಟ ಹಗ್ಗವೆಲ್ಲ ಯಜಮಾನನ ಕಾಲಿಗೆ ಸುತ್ತಿಕೊಂಡಿತ್ತು. ಮುಷ್ಟಿಯನ್ನು ಅವರಿಗೆ ಬಿಡಿಸಲಾಗಲಿಲ್ಲ. ಹಗ್ಗವನ್ನು ಎರಡೂ ಬದಿಗೆ ಕೊಯ್ದು, ಕೈಯಲ್ಲಿದ್ದ ತುಂಡಿನೊಂದಿಗೇ ಮಣ್ಣು ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನಿಗೆ ಸಮಾಧಾನವಾಗಲಿಲ್ಲ.

"ಆದರೆ ಬುದ್ಧಿ, ಯಜಮಾನನಿಗೆ ಹಗ್ಗದ ಮಾತು ಬರುತ್ತಿತ್ತಲ್ಲ?"

"ಬರುತ್ತಿತ್ತಪ್ಪ, ಕೊನೆಯವರೆಗೂ ಆಡುತ್ತಲೇ ಇದ್ದ" ಎಂದರು ಗುರುಗಳು.